ಹಾಫ್‌ಮನ್‌ನ ಯಾವ ಸಿನಿಮಾ ಮೊದಲು ನೋಡಬೇಕು? ಹೊತ್ತು, ಮನಸ್ಸು, ಪಕ್ಕದಲ್ಲಿ ಯಾರಿದ್ದಾರೆ ನೋಡಿಕೊಂಡು ಆರಿಸಿ

ಆಫೀಸಿನ ಗೆಳೆಯನೊಬ್ಬ ಒಮ್ಮೆ ಕೇಳಿದ್ದ, "ಫಿಲಿಪ್ ಸೀಮೋರ್ ಹಾಫ್‌ಮನ್ ಅಂತ ಯಾವಾಗ್ಲೂ ಹೇಳ್ತಿರ್ತೀಯಲ್ಲ, ಯಾವ್ದರಿಂದ ಶುರು ಮಾಡ್ಲಿ?" ನಾನು ಹುಮ್ಮಸ್ಸಿನಲ್ಲಿ 'ಸಿನೆಕ್ಡಕಿ, ನ್ಯೂಯಾರ್ಕ್' ಅಂದುಬಿಟ್ಟೆ. ಪಾಪ, ಶನಿವಾರ ರಾತ್ರಿ ಹೆಂಡತಿಯನ್ನೂ ಕೂರಿಸಿಕೊಂಡು ಹಾಕಿದ್ದಾನೆ. ನಲವತ್ತು ನಿಮಿಷಕ್ಕೆ ಅವರು ಎದ್ದು ಹೋದರಂತೆ, ಇವನಿಗೆ ಸೋಫಾದಲ್ಲೇ ನಿದ್ದೆ. ಸೋಮವಾರ ಕಾಫಿ ಮಷಿನ್ ಹತ್ತಿರ ಸಿಕ್ಕವನು "ಏನೋ ಅದು?" ಅಂದ, ಅಷ್ಟೇ. ಆಮೇಲೆ ಸಿನಿಮಾ ವಿಷಯಕ್ಕೆ ನನ್ನ ಹತ್ತಿರ ಬಂದಿಲ್ಲ.

ತಪ್ಪು ನನ್ನದೇ. 1991ರಿಂದ 2014ರವರೆಗೆ ಐವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ಕಾಣಿಸಿಕೊಂಡ ನಟನನ್ನು ಹೊಸಬರಿಗೆ ಪರಿಚಯಿಸುವಾಗ "ಶ್ರೇಷ್ಠವಾದದ್ದು ಯಾವುದು" ಅನ್ನುವ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಹಾಫ್‌ಮನ್ ಕೈಯಲ್ಲಿದ್ದ ಮೂಲಸಾಮಗ್ರಿ ಒಂದೇ: ಮುಜುಗರ. ನಾಲ್ಕು ಜನರ ಮುಂದೆ ಸಣ್ಣವನಾಗಿಬಿಟ್ಟ ಮನುಷ್ಯ, ಇನ್ನೇನು ಸಣ್ಣವನಾಗಲಿರುವ ಮನುಷ್ಯ, ಅದನ್ನು ಮುಚ್ಚಿಕೊಳ್ಳಲು ಇನ್ನೊಬ್ಬನನ್ನು ಸಣ್ಣವನಾಗಿಸುವ ಮನುಷ್ಯ. ಕೆಲವು ಸಿನಿಮಾಗಳಲ್ಲಿ ಇದು ಉಪ್ಪಿನಕಾಯಿಯಷ್ಟು, ಕೆಲವದರಲ್ಲಿ ಊಟವೇ ಅದು. ಆದ್ದರಿಂದ ನಿಮಗೆ ಎಷ್ಟು ಹೊತ್ತಿದೆ, ಎಷ್ಟು ಮುಜುಗರ ತಡೆದುಕೊಳ್ಳುತ್ತೀರಿ, ಪಕ್ಕದಲ್ಲಿ ಯಾರು ಕೂತಿರುತ್ತಾರೆ, ಈ ಮೂರನ್ನು ನೋಡಿಕೊಂಡು ಆರಿಸಿದರೆ ಒಳ್ಳೆಯದು.

ಮನುಷ್ಯನ ಬಗ್ಗೆ ನಾಲ್ಕು ಮಾತು. ಹುಟ್ಟಿದ್ದು 1967ರ ಜುಲೈ 23ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಕ್ಕದ ಫೇರ್‌ಪೋರ್ಟ್‌ನಲ್ಲಿ. ಅಪ್ಪ ಝೆರಾಕ್ಸ್ ಕಂಪನಿಯಲ್ಲಿದ್ದರು. ಮಗನಿಗೆ ಒಂಬತ್ತು ವರ್ಷವಾದಾಗ ಅಪ್ಪ ಅಮ್ಮ ಬೇರೆಯಾದರು; ನಾಲ್ಕು ಮಕ್ಕಳನ್ನು ಬೆಳೆಸಿದ ಅಮ್ಮ ಮುಂದೆ ವಕೀಲೆಯಾಗಿ, ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶೆಯಾದರು. ಹುಡುಗನಿಗೆ ಕುಸ್ತಿಯ ಹುಚ್ಚು. ಹದಿನಾಲ್ಕರಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದು ಅದು ನಿಂತಿತು, ನಾಟಕ ಶುರುವಾಯಿತು. 1984ರ ಬೇಸಿಗೆಯಲ್ಲಿ ಸರಟೋಗ ಸ್ಪ್ರಿಂಗ್ಸ್‌ನ ರಂಗ ಶಿಬಿರಕ್ಕೆ ಹೋದಾಗ ಬೆನೆಟ್ ಮಿಲ್ಲರ್, ಡ್ಯಾನ್ ಫಟರ್‌ಮನ್ ಅನ್ನುವ ಇಬ್ಬರು ಹುಡುಗರ ಗೆಳೆತನವಾಯಿತು. ಇಪ್ಪತ್ತೊಂದು ವರ್ಷದ ನಂತರ ಈ ಇಬ್ಬರಲ್ಲಿ ಒಬ್ಬ ನಿರ್ದೇಶಿಸಿ ಒಬ್ಬ ಬರೆದ ಸಿನಿಮಾಕ್ಕೇ ಹಾಫ್‌ಮನ್‌ಗೆ ಆಸ್ಕರ್ ಬಂದದ್ದು. ಶಿಬಿರದ ಗೆಳೆತನಗಳು ಹೀಗೂ ಬಾಳುತ್ತವೆ.

ನಡುವಿನ 'ಸೀಮೋರ್' ತಾತನ ಹೆಸರು. ನಟರ ಸಂಘದಲ್ಲಿ ಆಗಲೇ ಒಬ್ಬ ಫಿಲಿಪ್ ಹಾಫ್‌ಮನ್ ಇದ್ದುದರಿಂದ ಸೇರಿಸಿಕೊಳ್ಳಬೇಕಾಯಿತು.

ಆಸ್ಕರ್ ಬಂದದ್ದನ್ನೇ ಮೊದಲು ನೋಡಬೇಕೆ?

ಹೆಚ್ಚಿನವರು ಮಾಡುವುದು ಇದನ್ನೇ: ಪ್ರಶಸ್ತಿ ಯಾವುದಕ್ಕೆ ಬಂತು ನೋಡಿ 'ಕಪೋಟಿ' (2005) ಹಾಕುತ್ತಾರೆ. ಕೆಟ್ಟ ಆಯ್ಕೆಯೇನಲ್ಲ, 114 ನಿಮಿಷ ಅಷ್ಟೇ. 1959ರಲ್ಲಿ ಕಾನ್ಸಾಸ್‌ನ ಹೋಲ್ಕಂಬ್ ಅನ್ನುವ ಸಣ್ಣ ಊರಿನಲ್ಲಿ ಕ್ಲಟರ್ ಕುಟುಂಬದ ನಾಲ್ವರ ಕೊಲೆಯಾಗುತ್ತದೆ. ಲೇಖಕ ಟ್ರೂಮನ್ ಕಪೋಟಿ ಬಾಲ್ಯದ ಗೆಳತಿ ಹಾರ್ಪರ್ ಲೀ ಜೊತೆ ಅಲ್ಲಿಗೆ ಹೋಗಿ, ಕೊಲೆಗಾರರನ್ನು ಜೈಲಿನಲ್ಲಿ ಕಂಡು, ಅವರಲ್ಲೊಬ್ಬನಿಗೆ ಹತ್ತಿರವಾಗುತ್ತಾನೆ. ಈ ಕೊಲೆಗಳ ಬಗ್ಗೆ ಬರೆಯುತ್ತಿರುವ ಪುಸ್ತಕ ಮುಗಿಯಬೇಕಾದರೆ ಅವರಿಗೆ ಗಲ್ಲಾಗಬೇಕು. ಗಲ್ಲು ಮುಂದೆ ಹೋದಷ್ಟೂ ಪುಸ್ತಕವೂ ಮುಂದೆ ಹೋಗುತ್ತದೆ. ಗೆಳೆಯನ ಸಾವಿಗಾಗಿ ಕಾಯುತ್ತಿರುವುದು ತನಗೇ ಗೊತ್ತಿರುವ ಒಬ್ಬ ಮನುಷ್ಯನ ಕಥೆ.

ಕಪೋಟಿ ಐದಡಿ ಮೂರಿಂಚಿನ ಆಳು, ಮಗುವಿನಂಥ ಕೀಚಲು ದನಿ. ಹಾಫ್‌ಮನ್ ಅವನಿಗಿಂತ ಅರ್ಧ ಅಡಿ ಎತ್ತರ, ದಪ್ಪ ಮೈ, ಎದೆಯಿಂದ ಬರುವ ದನಿ. ತೂಕ ಇಳಿಸಿ ಗಂಟಲು ಕಿರಿದು ಮಾಡಿಕೊಂಡು ಮಾಡಿದ ಈ ಪಾತ್ರ ಮೊದಲ ಹತ್ತು ನಿಮಿಷ ಮಿಮಿಕ್ರಿಯಂತೆ ಕಂಡರೆ ಬೇಸರಿಸಬೇಡಿ. ರೈಲಿನ ದೃಶ್ಯ ಬರಲಿ. ಸಾಮಾನು ಹೊತ್ತು ತಂದ ಆಳು "ನಿಮ್ಮಂಥ ದೊಡ್ಡ ಲೇಖಕರ ಸಾಮಾನು ಹೊರುವುದು ನನ್ನ ಭಾಗ್ಯ" ಅನ್ನುವ ಧಾಟಿಯಲ್ಲಿ ಹೊಗಳಿ ಹೋಗುತ್ತಾನೆ. ಹಾರ್ಪರ್ ಲೀ ಪಾತ್ರದ ಕ್ಯಾಥರೀನ್ ಕೀನರ್ ಒಂದು ಕ್ಷಣ ನೋಡಿ, ದುಡ್ಡು ಕೊಟ್ಟು ಹೇಳಿಸಿದೆಯಲ್ಲವಾ ಅನ್ನುತ್ತಾಳೆ. ಸಿಕ್ಕಿಬಿದ್ದಾಗ ಹಾಫ್‌ಮನ್ ಮುಖ ನೋಡಿ. ನಾಚಿಕೆಯ ಜೊತೆ ಒಂದು ಖುಷಿಯೂ ಇದೆ, ತನ್ನನ್ನು ಇಷ್ಟು ಚೆನ್ನಾಗಿ ಬಲ್ಲವಳು ಒಬ್ಬಳಾದರೂ ಇದ್ದಾಳಲ್ಲ ಅಂತ. ಅಲ್ಲಿಂದಾಚೆ ಮಿಮಿಕ್ರಿ ಮರೆತುಹೋಗುತ್ತದೆ.

ಇದೇ ಘಟನೆಯ ಮೇಲೆ ಮರುವರ್ಷವೇ ಬಂದ ಇನ್ನೊಂದು ಸಿನಿಮಾ ಇದೆ, 'ಇನ್‌ಫೇಮಸ್' (2006). ಕಪೋಟಿಯಾಗಿ ಟೋಬಿ ಜೋನ್ಸ್. ಎತ್ತರ, ಮೈಕಟ್ಟು, ಮುಖ, ಎಲ್ಲದರಲ್ಲೂ ಆತ ನಿಜವಾದ ಕಪೋಟಿಗೆ ಹಾಫ್‌ಮನ್‌ಗಿಂತ ಹತ್ತಿರ. ಪಾರ್ಟಿಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದ, ಚಾಡಿ ಹೇಳುತ್ತಿದ್ದ ಕಪೋಟಿ ಬೇಕಿದ್ದರೆ ಅಲ್ಲಿ ಸಿಗುತ್ತಾನೆ. ಹೋಲಿಕೆಯ ಆಟ ಇಷ್ಟವಿದ್ದವರು ಎರಡನ್ನೂ ಒಂದು ವಾರಾಂತ್ಯದಲ್ಲಿ ನೋಡಿ. ಒಂದೇ ಅಂದರೆ ಹಾಫ್‌ಮನ್‌ದೇ. ಯಾಕೆಂದರೆ ಹೋಲುವುದು ಆತನಿಗೆ ಬಾಗಿಲು ಮಾತ್ರ, ಒಳಗೆ ಹೋದಮೇಲೆ ಮಾಡುವ ಕೆಲಸ ಬೇರೆಯೇ ಇದೆ.

ಆದರೂ ಮೊದಲ ಸಿನಿಮಾ ಇದಾಗಬಾರದು ಅಂತಲೇ ನನ್ನ ವಾದ. 'ಕಪೋಟಿ'ಯಲ್ಲಿ ಹಾಫ್‌ಮನ್ ಒಬ್ಬನೇ ಹೊಳೆಯುತ್ತಾನೆ. ಆತನ ದೊಡ್ಡ ಶಕ್ತಿ ಇದ್ದದ್ದು ಎದುರಿಗಿರುವವನ ಜೊತೆ. ನಮ್ಮಲ್ಲಿ 'ಪೋಷಕ ನಟ' ಅನ್ನುವ ಪದವನ್ನು ಸಣ್ಣ ಪಾತ್ರದವನು ಅನ್ನುವ ಅರ್ಥದಲ್ಲಿ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ಹಾಫ್‌ಮನ್ ವಿಷಯದಲ್ಲಿ ಅದನ್ನು ಅಕ್ಷರಶಃ ತೆಗೆದುಕೊಳ್ಳಬಹುದು: ಎದುರು ನಟನನ್ನು ಪೋಷಿಸುವವನು.

ಅದಕ್ಕೆ 'ದಿ ಮಾಸ್ಟರ್' (2012). 2006ರ ಆಸ್ಕರ್ ರಾತ್ರಿ ಹಾಫ್‌ಮನ್ ಎದುರು ಸೋತವರಲ್ಲಿ ವಾಕೀನ್ ಫೀನಿಕ್ಸ್ ಒಬ್ಬ. ಆರು ವರ್ಷದ ನಂತರ ಇಬ್ಬರೂ ಈ ಸಿನಿಮಾದಲ್ಲಿ ಎದುರುಬದುರಾಗಿ, ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಹಂಚಿಕೊಂಡರು. ಹಾಫ್‌ಮನ್ ಇಲ್ಲಿ ಲ್ಯಾಂಕಾಸ್ಟರ್ ಡಾಡ್, 1950ರ ಹೊತ್ತಿಗೆ ಹೊಸದೊಂದು ಪಂಥ ಕಟ್ಟುತ್ತಿರುವ ಗುರು. ಫೀನಿಕ್ಸ್ ಯುದ್ಧದಿಂದ ವಾಪಸಾಗಿ ದಿಕ್ಕೆಟ್ಟ ಕುಡುಕ ನಾವಿಕ. ಗುರು ಶಿಷ್ಯನಿಗೆ ಒಂದು ಪರೀಕ್ಷೆ ಮಾಡುತ್ತಾನೆ: ಕಣ್ಣು ಮಿಟುಕಿಸದೆ ಪ್ರಶ್ನೆಗಳಿಗೆ ಉತ್ತರಿಸಬೇಕು, ಮಿಟುಕಿಸಿದರೆ ಮೊದಲಿಂದ ಶುರು. ಕ್ಯಾಮೆರಾ ಹೆಚ್ಚು ಹೊತ್ತು ಫೀನಿಕ್ಸ್ ಮುಖದ ಮೇಲಿದೆ, ನಮಗೆ ಕೇಳುವುದು ಹಾಫ್‌ಮನ್ ದನಿ. ಒಂದೇ ಪ್ರಶ್ನೆ ಮತ್ತೆ ಮತ್ತೆ, ದನಿ ಏರುವುದಿಲ್ಲ, ಇಳಿಯುವುದಿಲ್ಲ. ಗುರು ಕಪಟಿಯೋ ನಿಜವಾಗಿ ನಂಬಿದವನೋ ಅನ್ನುವುದು ಸಿನಿಮಾ ಮುಗಿದರೂ ನಿಮಗೆ ತಿಳಿಯುವುದಿಲ್ಲ. ಅವನಿಗೇ ತಿಳಿಯದು ಅನ್ನುವುದು ಮಾತ್ರ ತಿಳಿಯುತ್ತದೆ. ಇನ್ನೊಂದು ಕಡೆ ಇಬ್ಬರನ್ನೂ ಅಕ್ಕಪಕ್ಕದ ಜೈಲು ಕೋಣೆಗಳಿಗೆ ಹಾಕುತ್ತಾರೆ. ಒಬ್ಬ ಕಮೋಡನ್ನು ಒದ್ದು ಪುಡಿ ಮಾಡುತ್ತಿದ್ದಾನೆ, ಇನ್ನೊಬ್ಬ ಮಂಚಕ್ಕೆ ಮೊಣಕೈ ಕೊಟ್ಟು ಸುಮ್ಮನೆ ನಿಂತಿದ್ದಾನೆ. ಒಂದೇ ಚೌಕಟ್ಟಿನಲ್ಲಿ ಎರಡು ಬಗೆಯ ನಟನೆ ನೋಡಬೇಕೆಂದರೆ ಇಷ್ಟು ಸಾಕು.

ಕಥೆ ಸಲೀಸಾಗಿ ಹರಿಯಬೇಕು ಅನ್ನುವವರಿಗೆ 'ಕಪೋಟಿ'. ಕಥೆ ಎಲ್ಲಿಗೋ ಹೋಗಲಿ, ಇಬ್ಬರು ಮನುಷ್ಯರು ಸಾಕು ಅನ್ನುವವರಿಗೆ ಎರಡೂಕಾಲು ಗಂಟೆಯ 'ದಿ ಮಾಸ್ಟರ್'. ನನ್ನ ಓಟು ಎರಡನೆಯದಕ್ಕೆ, ಆದರೆ ಅದೂ ಶುರುವಿಗಲ್ಲ.

ಹಾಗಾದರೆ ಶುರು ಯಾವುದು? ಫೋನ್ ಹಿಡಿದು ನೋಡಿ

ಹಾಫ್‌ಮನ್ ಕೈಗೆ ಫೋನ್ ಕೊಟ್ಟ ನಿರ್ದೇಶಕರೆಲ್ಲ ಗೆದ್ದಿದ್ದಾರೆ. ಇದು ನಾನು ತಮಾಷೆಗೆ ಮಾಡಿಕೊಂಡ ಪಟ್ಟಿ, ಆದರೆ ಈಗ ನಂಬಿಕೆಯೇ ಆಗಿಬಿಟ್ಟಿದೆ. ಎದುರು ನಟನಿಲ್ಲ, ಕಿವಿಗೊಂದು ರಿಸೀವರು, ಆಚೆ ಕಡೆಯವನ ಉತ್ತರ ಹಾಫ್‌ಮನ್ ಮುಖದಲ್ಲೇ ಮೂಡಬೇಕು. ನಾಲ್ಕು ಸಿನಿಮಾ, ನಾಲ್ಕು ಫೋನು, ನಾಲ್ಕು ಬೇರೆ ಬೇರೆ ಮನುಷ್ಯರು.

'ಮ್ಯಾಗ್ನೋಲಿಯಾ' (1999). ಸಾಯುತ್ತಿರುವ ಶ್ರೀಮಂತ ಮುದುಕನನ್ನು ಮನೆಯಲ್ಲೇ ನೋಡಿಕೊಳ್ಳುವ ನರ್ಸ್ ಫಿಲ್ ಪಾರ್ಮ. ಮುದುಕನಿಗೆ ದೂರವಾದ ಮಗನನ್ನು ಒಮ್ಮೆ ನೋಡಬೇಕು. ಮಗನ ನಂಬರ್ ಎಲ್ಲೂ ಇಲ್ಲ. ಮಗ ಗಂಡಸರಿಗೆ ಹೆಣ್ಣುಗಳನ್ನು ಒಲಿಸಿಕೊಳ್ಳುವುದು ಹೇಗೆ ಅಂತ ಪಾಠ ಹೇಳುವ ಆಸಾಮಿ (ಟಾಮ್ ಕ್ರೂಸ್), ಅವನ ಜಾಹೀರಾತು ಬರುವುದು ಎಂಥ ಪತ್ರಿಕೆಗಳಲ್ಲಿ ಅಂತ ಊಹಿಸಬಹುದು. ಫಿಲ್ ಅಂಗಡಿಗೆ ಫೋನ್ ಮಾಡಿ ಬ್ರೆಡ್, ಪೀನಟ್ ಬಟರ್, ಸಿಗರೇಟು ಹೇಳಿ, ಕೊನೆಗೆ ತಡವರಿಸುತ್ತ ಆ ಪತ್ರಿಕೆಗಳ ಹೆಸರು ಒಂದೊಂದಾಗಿ ಹೇಳುತ್ತಾನೆ. ಮೆಡಿಕಲ್ ಶಾಪಿನಲ್ಲಿ ಹೇಳಬೇಕಾದ್ದನ್ನು ಕೊನೆಗೆ ಉಳಿಸಿಕೊಂಡು ಮೊದಲು ಎರಡು ಕ್ರೋಸಿನ್ ಕೇಳಿದ ಯಾರಿಗಾದರೂ ಈ ದೃಶ್ಯ ಗೊತ್ತು. ಆಮೇಲೆ ಜಾಹೀರಾತಿನ ನಂಬರಿಗೆ ಹಚ್ಚಿ, ಆರ್ಡರ್ ತೆಗೆದುಕೊಳ್ಳುವ ಅಪರಿಚಿತನಿಗೆ ತನ್ನ ಕಷ್ಟ ವಿವರಿಸುತ್ತಾನೆ. ಇದು ಸಿನಿಮಾದಲ್ಲಿ ಬರುವ ದೃಶ್ಯದ ಹಾಗೆ ಕೇಳಿಸುತ್ತದೆ, ಆದರೆ ಇಂಥದ್ದು ನಿಜವಾಗಲೂ ನಡೆಯುತ್ತದೆ, ದಯವಿಟ್ಟು ಸಹಾಯ ಮಾಡಿ ಅನ್ನುವ ಅರ್ಥದಲ್ಲಿ ಬೇಡಿಕೊಳ್ಳುತ್ತಾನೆ. ಹಾಫ್‌ಮನ್ ಪಾತ್ರಗಳಲ್ಲೆಲ್ಲ ಒಳ್ಳೆಯ ಮನುಷ್ಯ ಅಂತ ನಿಸ್ಸಂಶಯವಾಗಿ ಹೇಳಬಹುದಾದವರು ತುಂಬ ಕಡಿಮೆ. ಇವನು ಅವರಲ್ಲೊಬ್ಬ.

ಮುದುಕನ ಪಾತ್ರದಲ್ಲಿ ಜೇಸನ್ ರೊಬಾರ್ಡ್ಸ್, ಅವರ ಕೊನೆಯ ಸಿನಿಮಾ. 1956ರಲ್ಲಿ ಯೂಜೀನ್ ಓನೀಲ್‌ನ 'ಲಾಂಗ್ ಡೇಸ್ ಜರ್ನಿ ಇಂಟು ನೈಟ್' ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಮೊದಲ ಸಲ ಬಂದಾಗ ಕುಡುಕ ಹಿರಿಮಗ ಜೇಮಿಯಾಗಿದ್ದವರು ಇವರೇ. 2003ರಲ್ಲಿ ಅದೇ ನಾಟಕ ಮತ್ತೆ ಬ್ರಾಡ್‌ವೇಗೆ ಬಂದಾಗ ಜೇಮಿ ಆದದ್ದು ಹಾಫ್‌ಮನ್. ಮಂಚದ ಮೇಲೆ ಮಲಗಿದವರ ಕೈ ಹಿಡಿದು ಕೂತವನಿಗೆ ನಾಲ್ಕು ವರ್ಷದಲ್ಲಿ ಅವರ ಪಾತ್ರವೇ ಸಿಕ್ಕಿತು.

ಎರಡನೆಯ ಫೋನು 'ಪಂಚ್ ಡ್ರಂಕ್ ಲವ್' (2002). ಇಲ್ಲಿ ಯೂಟಾದ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಜನರನ್ನು ಬೆದರಿಸಿ ದುಡ್ಡು ಕೀಳುವ ದಂಧೆಯವನು. ಆ್ಯಡಂ ಸ್ಯಾಂಡ್ಲರ್ ಫೋನ್ ಮಾಡಿ ಮರ್ಯಾದೆಯಿಂದ ಮಾತಾಡಲು ನೋಡುತ್ತಾನೆ, ಇವನು "ಬಾಯ್ಮುಚ್ಚು" ಅನ್ನುವುದೊಂದನ್ನೇ ಕಿರುಚುತ್ತ ಹೋಗುತ್ತಾನೆ. ಸ್ಯಾಂಡ್ಲರ್ ಕಿತ್ತ ರಿಸೀವರನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಬಂದು ಮುಂದೆ ನಿಂತಾಗ ಇವನ ಗಾಳಿ ಇಳಿಯುವುದಿದೆಯಲ್ಲ! ಫೋನಿನಲ್ಲಿ ಹುಲಿ, ಎದುರಿಗೆ ಇಲಿ. ಇಡೀ ಸಿನಿಮಾ 95 ನಿಮಿಷ, ಹಾಫ್‌ಮನ್ ಇರುವುದು ಅದರಲ್ಲಿ ಕೆಲವೇ ನಿಮಿಷ.

ಮೂರನೆಯದು 'ಆಲ್ಮೋಸ್ಟ್ ಫೇಮಸ್' (2000). ರಾಕ್ ಸಂಗೀತದ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್, ನಿಜವಾಗಿ ಬದುಕಿದ್ದವನು. ಹದಿನೈದರ ಹುಡುಗ ಪತ್ರಕರ್ತನೊಬ್ಬ ದೊಡ್ಡ ಬ್ಯಾಂಡಿನ ಜೊತೆ ಊರೂರು ತಿರುಗಿ, ಅವರ ಸ್ನೇಹಕ್ಕೆ ಮರುಳಾಗಿ, ಈಗ ಏನು ಬರೆಯಲಿ ಅಂತ ತೋಚದೆ ನಡುರಾತ್ರಿ ಇವನಿಗೆ ಫೋನ್ ಮಾಡುತ್ತಾನೆ. ಇವನು ಮನೆಯಲ್ಲೇ ಇದ್ದಾನೆ, ಯಾವಾಗಲೂ ಮನೆಯಲ್ಲೇ ಇರುತ್ತಾನೆ, ಯಾಕೆಂದರೆ ಯಾರೂ ಪಾರ್ಟಿಗೆ ಕರೆಯುವ ಜನ ನಾವಲ್ಲ ಅಂತ ಹುಡುಗನಿಗೆ ಸಮಾಧಾನ ಹೇಳುತ್ತಾನೆ. ಆ ಚಿತ್ರೀಕರಣದ ದಿನಗಳಲ್ಲಿ ಹಾಫ್‌ಮನ್‌ಗೆ ಜ್ವರ. ಹೆಡ್‌ಫೋನ್ ಹಾಕಿಕೊಂಡು ಬ್ಯಾಂಗ್ಸ್‌ನ ಹಳೆಯ ಸಂದರ್ಶನಗಳನ್ನು ಕೇಳುತ್ತ ಕೂತಿದ್ದು, ಕರೆದಾಗ ಹೆಡ್‌ಫೋನ್ ತೆಗೆದು ಶಾಟ್‌ಗೆ ಬರುತ್ತಿದ್ದ ಅಂತ ನಿರ್ದೇಶಕ ಕ್ಯಾಮೆರಾನ್ ಕ್ರೋ ಆಮೇಲೆ ಬರೆದಿದ್ದಾರೆ.

ನಾಲ್ಕನೆಯದು 'ಹ್ಯಾಪಿನೆಸ್' (1998). ಗೊತ್ತಿಲ್ಲದ ಹೆಂಗಸರಿಗೆ ಅಶ್ಲೀಲ ಕರೆ ಮಾಡುವ ಒಂಟಿ. ಅದ್ಭುತ ಅಭಿನಯ, ಆದರೆ ಸಿನಿಮಾದ ವಸ್ತು ಹೊಟ್ಟೆ ತೊಳೆಸುವಂಥದ್ದು. ಹತ್ತು ಹಾಫ್‌ಮನ್ ನೋಡಿದ ಮೇಲೆ ಬೇಕಾದರೆ ನೋಡಿ.

ಈ ನಾಲ್ಕರಲ್ಲಿ ಶುರುವಿಗೆ ಯಾವುದು ಅಂದರೆ ಕಣ್ಣು ಮುಚ್ಚಿ 'ಆಲ್ಮೋಸ್ಟ್ ಫೇಮಸ್'. ಎರಡು ಗಂಟೆಯ ಹಿತವಾದ ಸಿನಿಮಾ, ಮುಜುಗರ ಉಪ್ಪಿನಕಾಯಿಯಷ್ಟು. ಅದು ಹಿಡಿಸಿದರೆ ಮರುವಾರ 'ಮ್ಯಾಗ್ನೋಲಿಯಾ'. ಮೂರು ಗಂಟೆ ಎಂಟು ನಿಮಿಷ ಇದೆ, ಊಟ ಮುಗಿಸಿ ಕೂರಿ.

ಹತ್ತು ನಿಮಿಷದ ಹಾಫ್‌ಮನ್ ಸಾಕು ಅನ್ನುವವರಿಗೆ

ಇಂಥವರಿಗೆ 'ದಿ ಟ್ಯಾಲೆಂಟೆಡ್ ಮಿ. ರಿಪ್ಲಿ' ಮತ್ತು 'ಬೂಗಿ ನೈಟ್ಸ್' ನಡುವೆ ಆಯ್ಕೆ. ಮೊದಲನೆಯದರಲ್ಲಿ ಹುಟ್ಟು ಶ್ರೀಮಂತ ಫ್ರೆಡ್ಡಿ ಮೈಲ್ಸ್. ತೆರೆದ ಕಾರಿನಲ್ಲಿ ರೋಮಿನ ಚೌಕಕ್ಕೆ ನುಗ್ಗುವುದರಲ್ಲೇ ಊರು ತನ್ನಪ್ಪನದು ಅನ್ನುವ ಠೀವಿ. ಬಡ ವಂಚಕ ರಿಪ್ಲಿಯ (ಮ್ಯಾಟ್ ಡೇಮನ್) ಬಂಡವಾಳ ಮೊದಲು ಮೂಸಿ ಹಿಡಿಯುವವನು ಇವನೇ. ರಿಪ್ಲಿ ಬಾಡಿಗೆಗೆ ಹಿಡಿದ ಮನೆಗೆ ಬಂದು, ಅಲಂಕಾರವನ್ನು ಹೀಯಾಳಿಸಿ, ಪಿಯಾನೋ ಕೀಲಿಗಳನ್ನು ಬೇಕಂತಲೇ ಅಪಸ್ವರದಲ್ಲಿ ಕುಟ್ಟುತ್ತಾನೆ. ಈ ದೃಶ್ಯದಲ್ಲಿ ಕಳ್ಳನ ಪರವಾಗಿ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಸತ್ಯ ಹೇಳುತ್ತಿರುವವನ ಮೇಲೆ ಸಿಟ್ಟು ಬರಿಸುವುದು ಸುಲಭದ ಕೆಲಸವಲ್ಲ.

ಎರಡನೆಯದರಲ್ಲಿ (1997) ನೀಲಿಚಿತ್ರ ತೆಗೆಯುವ ತಂಡದಲ್ಲಿ ಬೂಮ್ ಮೈಕ್ ಹಿಡಿಯುವ ಸ್ಕಾಟಿ. ಹೊಟ್ಟೆಯ ಮೇಲೆ ನಿಲ್ಲದ ಬಿಗಿ ಅಂಗಿ, ನಾಯಕನ ಮೇಲೆ ಹೇಳಿಕೊಳ್ಳಲಾಗದ ಪ್ರೀತಿ. ಹೊಸವರ್ಷದ ಹಿಂದಿನ ರಾತ್ರಿ ನಾಯಕನನ್ನು ಹೊರಗೆ ಕರೆದು ತಾನು ಕೊಂಡ ಕೆಂಪು ಕಾರು ತೋರಿಸುತ್ತಾನೆ, ನಾಯಕನ ಕಾರಿನ ಹಾಗೇ ಕಾಣುವಂಥದ್ದು. ಮುತ್ತು ಕೊಡಲು ಹೋಗಿ ತಳ್ಳಿಸಿಕೊಂಡಮೇಲೆ ಅದೇ ಕಾರಿನಲ್ಲಿ ಒಬ್ಬನೇ ಕೂತು ತನ್ನನ್ನು ತಾನೇ ಮೂರ್ಖ, ಮೂರ್ಖ ಅಂತ ಬೈದುಕೊಳ್ಳುತ್ತ ಅಳುತ್ತಾನೆ. ಸಾಮಾನ್ಯವಾಗಿ ಕತ್ತರಿಸುವ ಜಾಗದಲ್ಲಿ ಕ್ಯಾಮೆರಾ ಕತ್ತರಿಸುವುದಿಲ್ಲ. ಒಮ್ಮೆ ಮುಖ ತಿರುಗಿಸಬೇಕು ಅನಿಸುತ್ತದೆ, ಆಗುವುದಿಲ್ಲ. ಪಾತ್ರ ನೋಡಿ ಆರಿಸುವುದಾದರೆ ಇದೇ ಮುಂದೆ. ಇಡೀ ಸಿನಿಮಾ ನೋಡಿ ಆರಿಸುವುದಾದರೆ 'ರಿಪ್ಲಿ'. 'ಬೂಗಿ ನೈಟ್ಸ್' ಎರಡೂವರೆ ಗಂಟೆ ದಾಟುತ್ತದೆ, ವಿಷಯವೂ ಅಂಥದ್ದು.

ಅಪ್ಪ ಅಮ್ಮನ ವಿಷಯ

2007ರಲ್ಲಿ ಒಂದೇ ವರ್ಷ ಹಾಫ್‌ಮನ್ ಎರಡು ಸಿನಿಮಾಗಳಲ್ಲಿ ಮಗನಾದ. 'ದಿ ಸ್ಯಾವೇಜಸ್'ನಲ್ಲಿ ಬಫಲೋ ಊರಿನ ನಾಟಕದ ಮೇಷ್ಟ್ರು, ಜರ್ಮನ್ ನಾಟಕಕಾರ ಬ್ರೆಕ್ಟ್ ಬಗ್ಗೆ ಮುಗಿಯದ ಪುಸ್ತಕ ಬರೆಯುತ್ತಿರುವವನು. ಚಿಕ್ಕಂದಿನಲ್ಲಿ ಪ್ರೀತಿ ಕೊಡದ ಅಪ್ಪನಿಗೆ ಈಗ ಮರೆವಿನ ರೋಗ, ತಂಗಿಯ (ಲಾರಾ ಲಿನಿ) ಜೊತೆ ಸೇರಿ ನರ್ಸಿಂಗ್ ಹೋಮ್ ಹುಡುಕಬೇಕು. ತಂಗಿಗೆ ಗಾರ್ಡನ್ ಇರುವ, ಚೆಂದದ ಜಾಗ ಬೇಕು. ಇವನು ಅಂಥದ್ದೊಂದರ ಪಾರ್ಕಿಂಗ್‌ನಲ್ಲಿ ನಿಂತು, ಈ ಹೂವು ಹುಲ್ಲೆಲ್ಲ ನಮ್ಮಂಥವರ ಅಪರಾಧಿ ಮನಸ್ಸಿಗೆ ಸವರುವ ಬೆಣ್ಣೆ, ಒಳಗೆ ಜನ ಸಾಯುತ್ತಿದ್ದಾರೆ ಅಂತ ಕೂಗಾಡುತ್ತಾನೆ. ಅಷ್ಟರಲ್ಲಿ ಪಕ್ಕದಿಂದ ಯಾರದೋ ಗಾಲಿಕುರ್ಚಿ ಹಾದುಹೋಗುತ್ತದೆ. ಇದೇ ಮನುಷ್ಯ ಮನೆಯಲ್ಲಿ ಕುತ್ತಿಗೆ ಉಳುಕಿಸಿಕೊಂಡು, ಬಾಗಿಲಿಗೆ ತೂಗುಹಾಕಿದ ಪಟ್ಟಿಯಲ್ಲಿ ಗದ್ದ ಇಟ್ಟುಕೊಂಡು ಕೂತು ತಂಗಿಯ ಜೊತೆ ಜಗಳವಾಡುವ ದೃಶ್ಯವೂ ಇದೆ. ಅಣ್ಣತಂಗಿ ನಗು ತಡೆಯಲಾರದೆ ಒದ್ದಾಡುವ ಆ ಎರಡು ನಿಮಿಷಕ್ಕಾಗಿ ನಾನು ಈ ಸಿನಿಮಾ ಮೂರು ಸಲ ನೋಡಿದ್ದೇನೆ.

'ಬಿಫೋರ್ ದ ಡೆವಿಲ್ ನೋಸ್ ಯು ಆರ್ ಡೆಡ್'ನಲ್ಲಿ ದುಡ್ಡಿನ ಇಕ್ಕಟ್ಟಿಗೆ ಸಿಕ್ಕಿದ ಹಿರಿಮಗ ತಮ್ಮನನ್ನು ಎತ್ತಿಕಟ್ಟಿ ಸ್ವಂತ ಅಪ್ಪ ಅಮ್ಮನ ಒಡವೆ ಅಂಗಡಿಯನ್ನೇ ದೋಚಿಸುತ್ತಾನೆ. ಸಿಡ್ನಿ ಲ್ಯುಮೆಟ್ ಎಂಬತ್ತು ದಾಟಿದ ಮೇಲೆ ತೆಗೆದ, ಅವರ ಕೊನೆಯ ಸಿನಿಮಾ. ಹೆಂಡತಿ ಬಿಟ್ಟುಹೋದ ಮೇಲೆ ಹಾಫ್‌ಮನ್ ಮನೆ ಧ್ವಂಸ ಮಾಡುತ್ತಾನೆ, ಆದರೆ ಹೇಗೆ? ಕೂಗಿಲ್ಲ, ಒದೆತವಿಲ್ಲ. ಅಲಂಕಾರಕ್ಕಿಟ್ಟ ಕಲ್ಲುಗಳ ಬಟ್ಟಲನ್ನು ಎತ್ತಿ ಗಾಜಿನ ಮೇಜಿನ ಮೇಲೆ ನಿಧಾನಕ್ಕೆ ಸುರಿಯುತ್ತಾನೆ, ಅಕ್ಕಿ ಆರಿಸಲು ಮೊರಕ್ಕೆ ಸುರಿದ ಹಾಗೆ.

ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವವರಿಗೆ ಮೊದಲನೆಯದು ಹತ್ತಿರವಾಗುತ್ತದೆ, ಹಾಗಾಗಿಯೇ ಸ್ವಲ್ಪ ಭಾರವೂ ಆದೀತು. ಥ್ರಿಲ್ಲರ್ ಓಟ ಬೇಕಾದರೆ ಎರಡನೆಯದು. ಅದರ ಮೊದಲ ದೃಶ್ಯವೇ ಹಾಸಿಗೆಯದು, ಎಚ್ಚರ.

ಅದೇ ವರ್ಷ 'ಚಾರ್ಲಿ ವಿಲ್ಸನ್ಸ್ ವಾರ್'ನಲ್ಲಿ ಮೇಲಧಿಕಾರಿಯ ಕೋಣೆಯ ಗಾಜು ಒಡೆಯುವ ಸಿಐಎ ಅಧಿಕಾರಿಯಾಗಿಯೂ ಬಂದು ಆಸ್ಕರ್ ನಾಮನಿರ್ದೇಶನ ಪಡೆದ. ಒಂದೇ ವರ್ಷದಲ್ಲಿ ಈ ಮೂರು. ಬೇರೆಯವರಿಗೆ ಒಂದು ಜನ್ಮಕ್ಕೆ ಸಾಕಿತ್ತು.

ಖಳನಾಗಿ

'ಮಿಷನ್ ಇಂಪಾಸಿಬಲ್ 3' (2006) ಮತ್ತು 'ದಿ ಹಂಗರ್ ಗೇಮ್ಸ್' ಸರಣಿಯ ನಡುವೆ ಯೋಚನೆಯೇ ಬೇಡ, ಮೊದಲನೆಯದು. ಹತ್ತರವರೆಗೆ ಎಣಿಸುತ್ತ ಹೋಗುವ ಆರಂಭದ ದೃಶ್ಯದಲ್ಲಿ ಕ್ರೂಸ್ ಒದ್ದಾಡುವಷ್ಟೂ ಹಾಫ್‌ಮನ್‌ಗೆ ಬೇಜಾರು, ಬಿಲ್ ಕಟ್ಟುವ ಕ್ಯೂನಲ್ಲಿ ನಿಂತವನ ಬೇಜಾರು. ವ್ಯಾಟಿಕನ್ ದೃಶ್ಯದಲ್ಲಿ ಕ್ರೂಸ್ ಇವನ ಮುಖವಾಡ ಹಾಕಿಕೊಳ್ಳುತ್ತಾನೆ, ಅಂದರೆ ಅಲ್ಲಿ ಹಾಫ್‌ಮನ್ ಮಾಡಬೇಕಾದ್ದು ತನ್ನ ವೇಷದಲ್ಲಿರುವ ಕ್ರೂಸ್‌ನನ್ನು. ನಡಿಗೆ ಗಮನಿಸಿ.

'ಹಂಗರ್ ಗೇಮ್ಸ್' ಕೊನೆಯ ಭಾಗಗಳ ಕೆಲಸ ಬಹುತೇಕ ಮುಗಿದಿದ್ದಾಗ ಹಾಫ್‌ಮನ್ ತೀರಿಕೊಂಡ. ಕೊನೆಯಲ್ಲಿ ಆತ ಆಡಬೇಕಿದ್ದ ಮಾತುಗಳನ್ನು ಪತ್ರವಾಗಿ ಬದಲಿಸಿ ಸಹನಟ ವುಡಿ ಹ್ಯಾರೆಲ್ಸನ್ ಓದುವಂತೆ ಮಾಡಿದರು.

ಆ ಸಾವು 2014ರ ಫೆಬ್ರವರಿ 2ರ ಭಾನುವಾರ, ಮ್ಯಾನ್‌ಹಟನ್‌ನ ಮನೆಯಲ್ಲಿ. ವಯಸ್ಸು 46, ಮೂರು ಸಣ್ಣ ಮಕ್ಕಳು. ಇಪ್ಪತ್ತೆರಡರಲ್ಲಿ ಕುಡಿತ, ಮಾದಕವಸ್ತು ಎರಡನ್ನೂ ಬಿಟ್ಟು ಎರಡು ದಶಕಕ್ಕೂ ಮೀರಿ ಮುಟ್ಟದೇ ಇದ್ದವನು ಮತ್ತೆ ಅದಕ್ಕೇ ಬಿದ್ದಿದ್ದ. ಹಲವು ಮಾದಕವಸ್ತುಗಳು ಒಟ್ಟಿಗೆ ಸೇರಿ ಆದ ಸಾವು. ಮೂರು ದಿನದ ನಂತರ ಬ್ರಾಡ್‌ವೇ ರಂಗಮಂದಿರಗಳು ಒಂದು ನಿಮಿಷ ದೀಪ ತಗ್ಗಿಸಿದವು.

ಆ ಗೌರವ ಸಿನಿಮಾದವನಿಗೆ ಕೊಟ್ಟದ್ದಲ್ಲ, ನಾಟಕದವನಿಗೆ. 2000ದಲ್ಲಿ 'ಟ್ರೂ ವೆಸ್ಟ್' ನಾಟಕದಲ್ಲಿ ಹಾಫ್‌ಮನ್ ಮತ್ತು ಜಾನ್ ಸಿ. ರೈಲಿ ಅಣ್ಣತಮ್ಮಂದಿರು; ಕೆಲವು ಪ್ರದರ್ಶನಗಳಿಗೊಮ್ಮೆ ಪಾತ್ರ ಅದಲುಬದಲು. ಇಬ್ಬರಿಗೂ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯ ನಾಮನಿರ್ದೇಶನ. ನಮಗೆ ನೋಡಲು ಸಿಗದಿರುವ ಹಾಫ್‌ಮನ್‌ಗಳಲ್ಲಿ ನನಗೆ ಹೆಚ್ಚು ಹೊಟ್ಟೆಯುರಿಯುವುದು ಇದಕ್ಕೇ.

'ಸಿನೆಕ್ಡಕಿ'ಗೆ ಒಂದು ಮಾತು

ಗೆಳೆಯನ ಮನೆ ಕೆಡಿಸಿದ ಆ ಸಿನಿಮಾದ (2008) ಶುರುವಿನಲ್ಲಿ ಹಾಫ್‌ಮನ್ ಪಾತ್ರ, ಒಬ್ಬ ರಂಗನಿರ್ದೇಶಕ, 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕ ಮಾಡಿಸುತ್ತಿರುತ್ತಾನೆ, ಮುದುಕನ ಪಾತ್ರಕ್ಕೆ ಎಳೆಯನನ್ನು ಹಾಕಿ. ನಾಲ್ಕು ವರ್ಷದ ನಂತರ, 44ರ ಹರೆಯದಲ್ಲಿ, ಹಾಫ್‌ಮನ್ ತಾನೇ ಬ್ರಾಡ್‌ವೇಯಲ್ಲಿ ಅದೇ ನಾಟಕದ ಅರವತ್ತು ದಾಟಿದ ಮುದುಕ ವಿಲಿ ಲೋಮನ್ ಆದ. ಸಿನಿಮಾದಲ್ಲಿ ಈ ನಿರ್ದೇಶಕ ದೊಡ್ಡ ಗೋದಾಮಿನಲ್ಲಿ ಇಡೀ ನ್ಯೂಯಾರ್ಕನ್ನು ಮರುಕಟ್ಟಲು ಹೊರಡುತ್ತಾನೆ, ವರ್ಷಗಳು ನಮಗೆ ಹೇಳದೆ ಕಳೆಯುತ್ತವೆ. ವಿಮರ್ಶಕ ರೋಜರ್ ಈಬರ್ಟ್ ಇದನ್ನು ಆ ದಶಕದ ಅತ್ಯುತ್ತಮ ಸಿನಿಮಾ ಅಂದರು. ನಲವತ್ತು ದಾಟಿದವರು, ಒಬ್ಬರೇ ಇದ್ದಾಗ, ಮರುದಿನ ರಜೆ ಇದ್ದರೆ ನೋಡಿ.

'ಎ ಮೋಸ್ಟ್ ವಾಂಟೆಡ್ ಮ್ಯಾನ್' (2014) ಸಹ ಕೊನೆಗೆ ಉಳಿಸಿಕೊಳ್ಳಬೇಕಾದ್ದು. ಹ್ಯಾಂಬರ್ಗ್‌ನ ಗೂಢಚಾರ ಅಧಿಕಾರಿ, ಸಿಗರೇಟು, ಸುಕ್ಕುಗಟ್ಟಿದ ಕೋಟು. ಹಾಫ್‌ಮನ್ ತೀರಿಕೊಳ್ಳುವ ಎರಡು ವಾರ ಮುಂಚೆ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತ್ತು.

ಮನೆಯವರ ಜೊತೆ ಕೂತು ನೋಡುವಂಥದ್ದು?

ನಿಜವಾಗಿ ಎಲ್ಲರೂ ಕೇಳುವುದು ಇದನ್ನೇ, ನಾನು ಇಷ್ಟು ಹೊತ್ತು ತಪ್ಪಿಸಿಕೊಂಡೆ. ಮೇಲೆ ಹೇಳಿದವುಗಳಲ್ಲಿ ಅರ್ಧಕ್ಕರ್ಧ ಅಮ್ಮನ ಪಕ್ಕ ಕೂತು ನೋಡುವಂಥವಲ್ಲ. ದೊಡ್ಡವರಷ್ಟೇ ಇದ್ದರೆ 'ಡೌಟ್' (2008), 104 ನಿಮಿಷ. 1964ರ ಬ್ರಾಂಕ್ಸ್‌ನ ಕ್ಯಾಥೊಲಿಕ್ ಶಾಲೆ, ಹುಡುಗನೊಬ್ಬನ ವಿಷಯದಲ್ಲಿ ಪಾದ್ರಿಯ ಮೇಲೆ ಶಂಕೆ, ಮುಖ್ಯೋಪಾಧ್ಯಾಯಿನಿ ಮೆರಿಲ್ ಸ್ಟ್ರೀಪ್. ಪಾದ್ರಿ ಅವಳ ಕೋಣೆಗೆ ಬಂದವನು ನೇರ ಹೋಗಿ ಅವಳ ಕುರ್ಚಿಯಲ್ಲೇ ಕೂರುತ್ತಾನೆ, ಚಹಾಕ್ಕೆ ಮೂರು ಸಕ್ಕರೆ ಕೇಳುತ್ತಾನೆ. ಸಕ್ಕರೆ ಡಬ್ಬಿ ಹುಡುಕುವಷ್ಟರಲ್ಲಿ ಯುದ್ಧ ಶುರುವಾಗಿರುತ್ತದೆ. ಪಾದ್ರಿ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ನಮ್ಮ ಮನೆಯಲ್ಲಿ ಅರ್ಧ ಗಂಟೆ ವಾದ ನಡೆಯಿತು. ಅಮ್ಮ ಮಾತ್ರ ಮೊದಲ ಹತ್ತು ನಿಮಿಷದಲ್ಲೇ ತೀರ್ಪು ಕೊಟ್ಟಿದ್ದರು, ಆತನ ಉದ್ದ ಉಗುರು ನೋಡಿ.

ಮಕ್ಕಳಿದ್ದರೆ 'ಟ್ವಿಸ್ಟರ್' (1996). ಸುಂಟರಗಾಳಿಯ ಬೆನ್ನು ಹತ್ತುವ ತಂಡದಲ್ಲಿ ಡಸ್ಟಿ ಅನ್ನುವ ಗಲಾಟೆ ಮನುಷ್ಯ, ಟೋಪಿ, ಕೆದರಿದ ಕೂದಲು, ಜೋರು ಹಾಡು. ಮುಜುಗರ ಅನ್ನುವುದು ಹತ್ತಿರವೂ ಸುಳಿಯದ ಹಾಫ್‌ಮನ್. ಹಾರುವ ಹಸು ನೋಡಿ ಮಕ್ಕಳು ಕಿರುಚಿ ಮುಗಿಸಿದ ಮೇಲೆ, ಆ ಜೋಕರ್ ಅಂಕಲ್ ಇನ್ಯಾವ ಪಿಕ್ಚರಲ್ಲಿದ್ದಾರೆ ಅಂತ ಕೇಳುತ್ತಾರೆ. ನನ್ನ ಅಕ್ಕನ ಮಗ ಕೇಳಿದ. 'ಮಿಷನ್ ಇಂಪಾಸಿಬಲ್' ಅಂದೆ, ಬೇರೆ ಯಾವುದೂ ಬಾಯಿಗೆ ಬರಲಿಲ್ಲ.